ಕೊಟ್ಟವನು ಕೋಡಂಗಿ ಅಲ್ಲ ಸ್ವಾಮಿ!

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಒಂದು ವಿಷಯ ಗಂಟಲಲ್ಲಿ ಮೀನಿನ ಮುಳ್ಳಿನ ಥರ ಸಿಕ್ಕಿಕೊಂಡಿತ್ತು, ಅದನ್ನ ತೆಗೀದೆ ಬೇರೆ ಏನನ್ನೂ ಬರೆಯೋ ಮನಸ್ಸಾಗಲಿಲ್ಲ. ಇವತ್ತು ತೆಗೀತೀನಿ. ಸ್ವಲ್ಪ ಉದ್ದ ಆಗುತ್ತೆ, ಕೊರೀತಿದ್ದಾನೆ ಅನ್ನಿಸಿದ್ರೆ ಕ್ಷಮಿಸಿ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ: ಈ ಕಥೇಲಿ ಕಳ್ಳರು ಯಾರೂ ಇಲ್ಲ. ಇರೋ ತಪ್ಪಲ್ಲಿ ನನ್ನ ಪಾಲೂ ಇದೆ.

ನಮ್ಮದೊಂದು ಫುಟ್ಬಾಲ್ ಅಭಿಮಾನಿಗಳ ಬಳಗ. ಹೆಸರು ಬೇಡ. "ದುರ್ಗದಲ್ಲಿ ಫುಟ್ಬಾಲಾ?" ಅಂತ ನೀವು ನಗಬಹುದು. ನಮ್ಮ ಕಡೆ ಮೈದಾನ ಅಂದ್ರೆ ಕ್ರಿಕೆಟ್ಟು, ತಪ್ಪಿದ್ರೆ ಕಬಡ್ಡಿ, ವಾಲಿಬಾಲು. ಆದ್ರೂ ಹುಚ್ಚು ಹತ್ತಿಸಿಕೊಂಡವರು ಇದ್ದೀವಿ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲನೇ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಾಗ ನಮ್ಮಲ್ಲಿ ಕೆಲವರಿಗೆ ತಲೆ ತಿರುಗಿತ್ತು. 2023ರಲ್ಲಿ ಕರ್ನಾಟಕ 54 ವರ್ಷ ಆದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಉಳಿದವರಿಗೂ ತಿರುಗಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಊರಿನವರು ಸೇರಿ ಒಂದು ವಾಟ್ಸಾಪ್ ಗುಂಪು ಆಯ್ತು. ವರ್ಷಕ್ಕೆ ಒಂದೆರಡು ಸಲ ಬಸ್ಸು ಮಾಡಿಕೊಂಡು ಕಂಠೀರವಕ್ಕೆ ಹೋಗಿ ಗಂಟಲು ಹರಿಯೋ ಹಂಗೆ ಕೂಗಿ ಬರೋದು. ಊರ ಸ್ಕೂಲ್ ಹುಡುಗ್ರಿಗೆ ಬೂಟು, ಬಾಲು ಕೊಡಿಸೋದು. ಅಷ್ಟೇ ನಮ್ಮ ಸಾಧನೆ.

ಹಿಂಗಿರಬೇಕಾದ್ರೆ ಹೊಳಲ್ಕೆರೆ ಕಡೆಯ ಒಬ್ಬ ಹುಡುಗ, ಕಾಲೇಜು ಟೀಮಿನಲ್ಲಿ ಆಡೋನು, ಮ್ಯಾಚಲ್ಲಿ ಬಿದ್ದು ಮೊಣಕಾಲಿನ ಲಿಗಮೆಂಟ್ ಹರ್ಕೊಂಡ. ಅಪ್ಪ ಇಲ್ಲ. ಅಮ್ಮ ಅಡಿಕೆ ಸುಲಿಯೋಕೆ ಹೋಗ್ತಾರೆ. ಆಪರೇಷನ್ ಆಗಬೇಕು ಅಂದ್ರು. ನಮ್ಮ ಗುಂಪಲ್ಲಿ ಒಂದು ಮೆಸೇಜ್ ಬಿತ್ತು. ಜನ ಕೊಟ್ರು ನೋಡಿ! ಹನ್ನೊಂದೇ ದಿನಕ್ಕೆ 1,84,300 ರೂಪಾಯಿ. ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ಐದು ಸಾವಿರ ಹಾಕಿದ್ರು. ಹಿರಿಯೂರು ಹತ್ರ ಹೈವೇ ಹೋಟೆಲಲ್ಲಿ ಟೇಬಲ್ ಒರೆಸೋ ಹುಡುಗ ಐವತ್ತೊಂದು ರೂಪಾಯಿ ಹಾಕಿದ. ದುಡ್ಡೆಲ್ಲ ಬಂದಿದ್ದು ನಮ್ಮಲ್ಲೊಬ್ಬನ ಸ್ವಂತ ಖಾತೆಗೆ, ಅವನ ಮೊಬೈಲಿನ ಯುಪಿಐಗೆ. ಬೇರೆ ದಾರಿ ಇದೆ ಅಂತ ಯಾರೂ ಯೋಚನೆ ಮಾಡಲೇ ಇಲ್ಲ.

ಆಪರೇಷನ್ ಆಯ್ತು. ಡಾಕ್ಟರು ಅವರ ಫೀಸಲ್ಲಿ ಬಿಟ್ರು. ಓಡಾಟ, ಔಷಧಿ ಎಲ್ಲ ಸೇರಿ ಖರ್ಚಾಗಿದ್ದು 1,12,000. ಉಳಿದದ್ದು 72,300.

ಈ 72,300 ಏನಾಯ್ತು ಅನ್ನೋದೇ ಇವತ್ತಿನ ಕಥೆ.

ಒಂದು ರಾತ್ರಿ ದುರ್ಗದಲ್ಲಿ ನಾವು ಐದು ಜನ ಕೂತ್ವಿ. ಟೀ ಕುಡೀತಾ "ಉಳಿದ ದುಡ್ಡು ಏನ್ ಮಾಡೋಣ?" ಅಂತ ಮಾತು ಬಂತು. ಮುಂದಿನ ತಿಂಗಳು ಬೆಂಗಳೂರಲ್ಲಿ ಮ್ಯಾಚು. "ಎಲ್ಲರೂ ಕೊಟ್ಟ ದುಡ್ಡು ತಾನೇ, ಎಲ್ಲರಿಗೂ ಆಗಲಿ" ಅಂದ ಒಬ್ಬ. ಎಷ್ಟು ಚೆನ್ನಾಗಿ ಕೇಳುತ್ತೆ ನೋಡಿ! ಬಸ್ಸಿಗೆ 24,000. ಅರವತ್ತು ಜರ್ಸಿಗೆ 21,000. ಡ್ರಮ್ಮು, ಬ್ಯಾನರಿಗೆ 9,500. ಊಟ ತಿಂಡಿಗೆ 11,000. ಉಳಿದ 6,800 'ಇತರೆ'. ಐದೂ ಜನ ತಲೆ ಆಡಿಸಿದ್ವಿ. ಐದರಲ್ಲಿ ಒಂದು ತಲೆ ನನ್ನದು. ಯಾರೂ ಒಂದು ರೂಪಾಯಿ ಜೇಬಿಗೆ ಹಾಕ್ಕೊಂಡಿಲ್ಲ, ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಬಸ್ಸು ದುರ್ಗದಿಂದ ಹೊರಟು ಹಿರಿಯೂರಲ್ಲಿ ಒಂದಿಷ್ಟು ಜನರನ್ನ ಹತ್ತಿಸಿಕೊಂಡು ಹೋಯ್ತು. ಹೊಸದುರ್ಗ, ಹೊಳಲ್ಕೆರೆಯಿಂದ ಬಂದಿದ್ದು ಬೆರಳೆಣಿಕೆ ಮಂದಿ. ಭರ್ಜರಿ ಫೋಟೋ ಬಂದವು.

ಫೋಟೋ ನೋಡಿದ ಹಿರಿಯೂರಿನ ಆ ಹೋಟೆಲ್ ಹುಡುಗ ಗುಂಪಲ್ಲಿ ಒಂದು ಸಾಲು ಹಾಕಿದ: "ಅಣ್ಣಾ, ಆಪರೇಷನ್ ದುಡ್ದು ಲೆಕ್ಕ ಹಾಕ್ರಣ್ಣ."

ಅಷ್ಟೇ. ಬೈದಿಲ್ಲ, ಆಪಾದನೆ ಮಾಡಿಲ್ಲ. ಒಂದು ಗಂಟೆ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಒಬ್ಬ "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದ. ಇನ್ನೊಬ್ಬ "ಐವತ್ತೊಂದು ಕೊಟ್ಟು ಐವತ್ತೊಂದು ಪ್ರಶ್ನೆ" ಅಂತ ಹಾಕಿ ನಗೋ ಗೊಂಬೆ ಹಾಕಿದ. ಅದರ ಕೆಳಗೆ ಹತ್ತಾರು ನಗೋ ಗೊಂಬೆಗಳು ಬಿದ್ದವು. ನಂದೂ ಒಂದು. ಸಂಜೆ ಹೊತ್ತಿಗೆ ಅಡ್ಮಿನ್ ಅವನನ್ನ ಗುಂಪಿಂದ ತೆಗೆದುಹಾಕಿದ. ಯಾರೂ ತಕರಾರು ಮಾಡಲಿಲ್ಲ. ಲೆಕ್ಕ ಕೇಳಿದೋನೇ ಹೊರಗೆ ಹೋದ, ಲೆಕ್ಕ ಒಳಗೇ ಉಳೀತು.

ಇದಾಗಿ ಎಷ್ಟೋ ತಿಂಗಳಾದ ಮೇಲೆ ಹೊಳಲ್ಕೆರೆಗೆ ಒಂದು ಮದುವೆಗೆ ಹೋಗಿದ್ದೆ. ಹಂಗೇ ಆ ಹುಡುಗನ ಮನೆಗೆ ಹೋದೆ. ಹುಡುಗ ಬಾಗಿಲಿಗೆ ಬಂದ. ನಡಿಗೆಯಲ್ಲಿ ಕಾಲು ಸ್ವಲ್ಪ ಎಳೀತಿತ್ತು. "ಫಿಸಿಯೋ ಹೆಂಗೆ ನಡೀತೈತೆ?" ಅಂದೆ. ಅವನು ಅಮ್ಮನ ಮುಖ ನೋಡಿದ. ಅವರು ಹೇಳಿದ್ದು ಇಷ್ಟು: "ಎರಡು ತಿಂಗಳು ದುರ್ಗಕ್ಕೆ ಹೋಗಿ ಬಂದ ಕಣಪ್ಪಾ. ಸಲಕ್ಕೆ ಮುನ್ನೂರು ರೂಪಾಯಿ, ಬಸ್ ಚಾರ್ಜು ಬೇರೆ. ನಿಮ್ಮ ದುಡ್ಡೆಲ್ಲ ಮುಗೀತೇನೋ ಅಂದ್ಕೊಂಡ್ವಿ. ಕೊಟ್ಟೋರ್ನೇ ಇನ್ನೊಂದು ಸಲ ಹೆಂಗ್ ಕೇಳದು? ಸಂಕೋಚ ಆತು."

ಈ ಲಿಗಮೆಂಟ್ ಆಪರೇಷನ್ ಬಗ್ಗೆ ಗೊತ್ತಿರೋರಿಗೆ ಗೊತ್ತಿರುತ್ತೆ. ಚಾಕು ಹಾಕೋದು ಅರ್ಧ ಕೆಲಸ. ಉಳಿದರ್ಧ ಆಮೇಲಿನ ವ್ಯಾಯಾಮ, ಅದು ತಿಂಗಳುಗಟ್ಟಲೆ ಆಗಬೇಕು. ಮತ್ತೆ ಆಟಕ್ಕೆ ಇಳಿಯೋಕೆ ಆರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತೆ. ಇವನು ಎರಡೇ ತಿಂಗಳಿಗೆ ನಿಲ್ಲಿಸಿದ್ದ. ನಿಲ್ಲಿಸಿದ ಹೊತ್ತಿಗೆ ಅವನ ಹೆಸರಲ್ಲಿ ಎತ್ತಿದ 72,300 ರೂಪಾಯಿ ಜರ್ಸಿಯಾಗಿ ನನ್ನ ಬೀರುವಿನಲ್ಲಿ ಮಡಚಿ ಕೂತಿತ್ತು.

ಈಗ ಹೇಳಿ, ಇದರಲ್ಲಿ ಕಳ್ಳ ಯಾರು?

ಯಾರೂ ಇಲ್ಲ. ಅದೇ ನನ್ನ ಮಾತು. ನಾವು ಸಾರ್ವಜನಿಕ ದುಡ್ಡು ಅಂದ ಕೂಡ್ಲೇ ಕಳ್ಳನನ್ನ ಹುಡುಕ್ತೀವಿ. ಕಳ್ಳ ಸಿಗಲಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂದ್ಕೊಳ್ತೀವಿ. ಪ್ರಾಮಾಣಿಕತೆ ಬೇರೆ, ಲೆಕ್ಕ ಬೇರೆ. ಐದು ಜನ ಪ್ರಾಮಾಣಿಕರು ಸೇರಿ ಒಬ್ಬ ಹುಡುಗನ ಕಾಲು ಹಾಳು ಮಾಡಬಹುದು. ನಾವು ಮಾಡಿದ್ವಿ. ಆ ರಾತ್ರಿ "ಉಳಿದದ್ದು ಏನ್ ಮಾಡೋಣ?" ಅನ್ನೋ ಪ್ರಶ್ನೇನ ಗುಂಪಲ್ಲಿ ಕೇಳಿದ್ದಿದ್ರೆ ಹೊಳಲ್ಕೆರೆಯವರು ಯಾರಾದ್ರೂ ಒಬ್ಬರು "ಹುಡುಗಂಗೆ ಇನ್ನೂ ಫಿಸಿಯೋ ಐತೆ" ಅಂತಿದ್ರು. ಒಂದೇ ಒಂದು ಸಾಲು ಸಾಕಿತ್ತು. ಆ ಸಾಲು ಗೊತ್ತಿದ್ದೋರು ನಮ್ಮ ಟೀ ಅಂಗಡೀಲಿ ಇರಲಿಲ್ಲ.

ಯಾಕೆ ಇರಲಿಲ್ಲ? ಇದು ಇನ್ನೂ ಮಜಾ ಇದೆ. ನಮ್ಮ ಮೀಟಿಂಗುಗಳು ಯಾವಾಗಲೂ ದುರ್ಗದಲ್ಲೇ. ರಾತ್ರಿ ಎಂಟೂವರೆ ಮೇಲೆ, ಎಲ್ಲರೂ ಅಂಗಡಿ ಬಾಗಿಲು ಹಾಕಿದ ಮೇಲೆ. ಮುಗಿಯೋ ಹೊತ್ತಿಗೆ ಹೊಸದುರ್ಗಕ್ಕೆ ವಾಪಸ್ ಹೋಗೋಕೆ ಬಸ್ಸಿಲ್ಲ. ಬೈಕಿದ್ದೋನು ಬರಬೇಕು, ಅದೂ ರಾತ್ರಿ ಅರವತ್ತು ಕಿಲೋಮೀಟರು. "ನಾವು ಎಲ್ಲರನ್ನೂ ಕರೀತೀವಿ, ಅವರೇ ಬರಲ್ಲ" ಅಂತ ನಾವೇ ಹೇಳ್ಕೊಂಡು ಓಡಾಡ್ತಿದ್ವಿ. ಸ್ವಾಮಿ, ಮೀಟಿಂಗಿನ ಟೈಮು ಮತ್ತು ಜಾಗ ನಿಗದಿ ಮಾಡೋನೇ ನಿಜವಾದ ಅಧ್ಯಕ್ಷ. ಬೈಲಾದಲ್ಲಿ ಏನು ಬರೆದಿದ್ರೂ ಅಷ್ಟೇ, ಕೊನೇ ಬಸ್ಸು ಹೋದ ಮೇಲೆ ನಡೆಯೋ ಸಭೇಲಿ ವೋಟು ಇರೋದು ಆ ಊರಿನವರಿಗೆ ಮಾತ್ರ. ದುಡ್ಡು ಎತ್ತೋಕೆ ನಾಲ್ಕು ತಾಲ್ಲೂಕು, ತೀರ್ಮಾನಕ್ಕೆ ಒಂದು ಟೀ ಅಂಗಡಿ!

ಇದು ಫುಟ್ಬಾಲಿನವರ ರೋಗ ಮಾತ್ರ ಅಂದ್ಕೋಬೇಡಿ. ನಿಮ್ಮ ಬೀದಿ ಗಣಪತಿ ಪೆಂಡಾಲು ನೆನಪು ಮಾಡ್ಕೊಳ್ಳಿ. ಚಂದಾ ಕೊಟ್ಟ ತಕ್ಷಣ ಮೈಕಲ್ಲಿ ಕೂಗ್ತಾರೆ: ಇಂಥವರಿಂದ ಐನೂರಾ ಒಂದು, ಇಂಥವರಿಂದ ಸಾವಿರದ ಒಂದು. ಇಡೀ ಬೀದಿಗೆ ಕೇಳುತ್ತೆ. ಖರ್ಚು ಎಂದಾದ್ರೂ ಮೈಕಲ್ಲಿ ಕೇಳಿದ್ದೀರಾ? ಪೆಂಡಾಲಿನವನಿಗೆ ಇಷ್ಟು, ಲೈಟಿಂಗಿಗೆ ಇಷ್ಟು, ಡಿಜೆಗೆ ಇಷ್ಟು, ಉಳಿದದ್ದು ಇಷ್ಟು ಅಂತ? ಜಮಾ ಮೈಕಲ್ಲಿ, ಖರ್ಚು ಪಿಸುಮಾತಲ್ಲಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಂಗಂತ ನಮ್ಮೋರಿಗೆ ಲೆಕ್ಕ ಒಪ್ಪಿಸೋದು ಗೊತ್ತೇ ಇಲ್ಲ ಅಂತಾನೂ ಅಲ್ಲ. ನಮ್ಮ ತಾತನ ಕಾಲದಲ್ಲಿ ಊರ ಹಬ್ಬ ಮುಗಿದ ಮೇಲೆ ಗುಡಿ ಮುಂದಿನ ಕಟ್ಟೆ ಮೇಲೆ ಕೂತು ಲೆಕ್ಕ ಓದ್ತಿದ್ರಂತೆ. ಎಣ್ಣೆಗೆ ಎಷ್ಟು, ಅಕ್ಕಿಗೆ ಎಷ್ಟು, ತಮಟೆಯವರಿಗೆ ಎಷ್ಟು ಅಂತ. ಓದು ಬರದ ಅಜ್ಜಿಯೂ "ಅದೇನು ಎಣ್ಣೆಗೆ ಅಷ್ಟಾತು?" ಅಂತ ಕೇಳಬಹುದಿತ್ತು. ನಮ್ಮದೇ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೇಲಿ ಮುಕ್ತಿ ಬಾವುಟದ ಹರಾಜು ನಡೆಯೋದು ಸಾವಿರಾರು ಜನರ ಎದುರಿಗೆ. ಯಾರು ಎಷ್ಟಕ್ಕೆ ಕೂಗಿದ್ರು ಅಂತ ಮಾರನೇ ದಿನ ಪೇಪರಲ್ಲಿ ಬರುತ್ತೆ. ಹೊಳಲ್ಕೆರೆಯ ಗಣಪನಿಗಂತೂ ಬಯಲು ಗಣಪ ಅಂತಲೇ ಹೆಸರು. ದೇವರನ್ನೇ ಬಯಲಲ್ಲಿ ಕೂರಿಸಿದ ಸೀಮೆಯವರು ನಾವು, ಎಪ್ಪತ್ತೆರಡು ಸಾವಿರ ರೂಪಾಯಿ ಲೆಕ್ಕ ಬಯಲಿಗೆ ತರೋಕೆ ಮೈ ಪರಚಿಕೊಂಡ್ವಿ.

ಫುಟ್ಬಾಲ್ ಅಭಿಮಾನಿಗಳು ದುಡ್ಡು ಎತ್ತೋದರಲ್ಲಿ ನಮಗಿಂತ ಬಹಳ ಮುಂದೆ ಹೋಗಿರೋರು ಇಂಗ್ಲೆಂಡಿನವರು. ಅವರು ಎತ್ತೋದು ಬಸ್ಸಿಗಲ್ಲ, ಇಡೀ ಕ್ಲಬ್ಬಿಗೇ. ಹೊಳಲ್ಕೆರೆಯಿಂದ ಬಂದ ಮೇಲೆ ಕೂತು ಅವರ ಕಥೆಗಳನ್ನ ಓದಿದೆ. ಮೂರು ಕಥೆ ಹೇಳ್ತೀನಿ, ಫುಟ್ಬಾಲ್ ಗೊತ್ತಿಲ್ಲದೋರಿಗೂ ಅರ್ಥ ಆಗುತ್ತೆ.

ಮೊದಲನೇದು ವಿಂಬಲ್ಡನ್. ಟೆನಿಸ್ ಅಲ್ಲ, ಆ ಊರಿನ ಫುಟ್ಬಾಲ್ ಕ್ಲಬ್ಬು. 2002ರಲ್ಲಿ ಆ ಕ್ಲಬ್ಬನ್ನ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸೋಕೆ ಅನುಮತಿ ಸಿಕ್ತು. ನಮ್ಮ ಹಿರಿಯೂರಿನ ತೇರನ್ನ ತುಮಕೂರಿಗೆ ಎಳ್ಕೊಂಡು ಹೋದ ಹಾಗೆ! ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದ್ರು, ತೀರಾ ಕೆಳಗಿನ ಲೀಗಿಂದ ಶುರು ಮಾಡಿ 2011ರಲ್ಲಿ ಮತ್ತೆ ಫುಟ್ಬಾಲ್ ಲೀಗಿಗೆ ಬಂದ್ರು. ಕ್ಲಬ್ಬಿನ ಹಿಡಿತ ಇರೋದು ಅಭಿಮಾನಿಗಳ ಟ್ರಸ್ಟ್ ಕೈಲಿ. 2019ರ ಕೊನೇಲಿ ಹೊಸ ಸ್ಟೇಡಿಯಂ ಕಟ್ಟುವಾಗ ದುಡ್ಡು ಸಾಲದೆ ಬಂತು. ಹೊರಗಿನ ಹಣವಂತರಿಗೆ ಪಾಲು ಮಾರೋ ಮಾತು ಬಂತು. ಅದನ್ನ ಐದು ಜನ ಟೀ ಕುಡೀತಾ ತೀರ್ಮಾನ ಮಾಡಲಿಲ್ಲ, ಸದಸ್ಯರ ಮುಂದೆ ಇಟ್ರು. ಸದಸ್ಯರಿಂದ ಜೋರು ವಿರೋಧ ಬಂತು. ವಿರೋಧ ಮಾಡಿ ಮನೇಲಿ ಕೂರಲಿಲ್ಲ, 2020ರ ಮೊದಲ ತಿಂಗಳುಗಳಲ್ಲಿ ಬಾಂಡ್ ಕೊಂಡು 50 ಲಕ್ಷ ಪೌಂಡಿಗೂ ಹೆಚ್ಚು ಒಟ್ಟು ಮಾಡಿದ್ರು. ಆ ವರ್ಷದ ನವೆಂಬರಲ್ಲಿ ಅವರ ಹಳೇ ಬೀದಿಯಲ್ಲೇ ಹೊಸ ಸ್ಟೇಡಿಯಂ ಶುರುವಾಯ್ತು. ನೋಡಿ, ಕೇಳಿ ತೀರ್ಮಾನ ಮಾಡಿದ್ರೆ ಜನ ಬರೀ ತಕರಾರು ಮಾಡಲ್ಲ, ಜೇಬಿಗೂ ಕೈ ಹಾಕ್ತಾರೆ.

ಎರಡನೇದು ಎಫ್‌ಸಿ ಯುನೈಟೆಡ್. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನ ಅಮೆರಿಕದ ಗ್ಲೇಜರ್ ಕುಟುಂಬ ಸಾಲದ ದುಡ್ಡಲ್ಲಿ ಕೊಂಡಾಗ, 2005ರಲ್ಲಿ, ಸಿಟ್ಟಾದ ಅಭಿಮಾನಿಗಳು ಕಟ್ಟಿದ ಕ್ಲಬ್ಬು. ಎಷ್ಟೇ ದುಡ್ಡು ಹಾಕಿದ್ರೂ ಒಬ್ಬರಿಗೆ ಒಂದೇ ವೋಟು. ಜನರಿಂದಲೇ ಷೇರು ಎತ್ತಿ 2015ರಲ್ಲಿ ಸ್ವಂತ ಸ್ಟೇಡಿಯಂ ತೆರೆದ್ರು. ಇಂಥ ಕ್ಲಬ್ಬಲ್ಲೂ ಮರುವರ್ಷವೇ ಜಗಳ ಬಿತ್ತು. ಮಂಡಳಿ ನಮ್ಮಿಂದ ವಿಷಯ ಮುಚ್ಚಿಡ್ತಿದೆ, ಕೇಳಿದ್ರೆ ಸರಿಯಾಗಿ ಉತ್ತರ ಕೊಡಲ್ಲ ಅಂತ ಸದಸ್ಯರು ಎದ್ದು ನಿಂತ್ರು. 2016ರಲ್ಲಿ ಜನರಲ್ ಮ್ಯಾನೇಜರ್ ಹುದ್ದೆ ಬಿಟ್ರು, ಮಂಡಳಿಯ ಹಲವರು ಹೊರಗೆ ಹೋದ್ರು, ಹೊಸ ಮಂಡಳಿ ಚುನಾವಣೆ ಆಯ್ತು. ಕ್ಲಬ್ಬು ಮುಳುಗಲಿಲ್ಲ. ಇಲ್ಲಿ ಎರಡು ಪಾಠ ಇದೆ. ನಿಯಮ ಎಷ್ಟೇ ಚೆನ್ನಾಗಿದ್ರೂ ಕುರ್ಚಿ ಮೇಲೆ ಕೂತೋರಿಗೆ ಮುಚ್ಚಿಡೋ ಚಾಳಿ ಬರುತ್ತೆ. ಆದ್ರೆ ನಿಯಮ ಇದ್ರೆ ಅವರನ್ನ ಇಳಿಸೋಕೆ ಒಂದು ದಾರಿನೂ ಇರುತ್ತೆ. ನಮ್ಮಲ್ಲಿ ಐವತ್ತೊಂದು ರೂಪಾಯಿ ಕೊಟ್ಟೋನು ಹೊರಗೆ ಹೋದ. ಅಲ್ಲಿ ಉತ್ತರ ಕೊಡದೋರು ಹೊರಗೆ ಹೋದ್ರು.

ಮೂರನೇದು ನನ್ನ ವಾದಕ್ಕೇ ತಿರುಗುಬಾಣ, ಆದ್ರೂ ಹೇಳ್ತೀನಿ. 2008ರಲ್ಲಿ ಎಬ್ಸ್‌ಫ್ಲೀಟ್ ಯುನೈಟೆಡ್ ಅನ್ನೋ ಸಣ್ಣ ಕ್ಲಬ್ಬನ್ನ ಇಂಟರ್ನೆಟ್ಟಲ್ಲಿ ಸೇರಿದ ಸುಮಾರು ಮೂವತ್ತು ಸಾವಿರ ಜನ ತಲಾ 35 ಪೌಂಡ್ ಹಾಕಿ ಕೊಂಡ್ರು. ಎಲ್ಲದಕ್ಕೂ ವೋಟು ಅಂದ್ರು, ಯಾವ ಆಟಗಾರ ಇಳೀಬೇಕು ಅನ್ನೋದಕ್ಕೂ ವೋಟು ಅಂತ ಮಾತಿತ್ತು. ಆ ವರ್ಷ ಕ್ಲಬ್ಬು ಎಫ್ಎ ಟ್ರೋಫಿ ಕೂಡ ಗೆದ್ದಿತು. ಆಮೇಲೆ ಹೊಸತನದ ಹುಮ್ಮಸ್ಸು ಇಳೀತು. ಬಹುಪಾಲು ಜನ ಮರುವರ್ಷ ದುಡ್ಡು ಕಟ್ಟಲಿಲ್ಲ. 2013ರಲ್ಲಿ ಆ ಗುಂಪು ಕೈ ಬಿಟ್ಟಿತು. ಅಂದ್ರೆ ಬರೀ ವೋಟು ಒತ್ತೋದೂ ಪ್ರಜಾಪ್ರಭುತ್ವ ಅಲ್ಲ. ಯಾವ ಬಣ್ಣದ ಡ್ರಮ್ಮು ತರಬೇಕು ಅಂತ ನಾಲ್ಕು ತಾಲ್ಲೂಕಲ್ಲಿ ಚುನಾವಣೆ ಮಾಡಿ ಅಂತ ನಾನೂ ಹೇಳ್ತಿಲ್ಲ. ಸಣ್ಣದನ್ನ ಮಾಡೋರಿಗೆ ಬಿಡಿ. ಯಾವುದಕ್ಕೆ ಅಂತ ದುಡ್ಡು ಎತ್ತಿದ್ವೋ ಅದನ್ನ ಬದಲಾಯಿಸೋ ವಿಷಯ ಬಂದಾಗ ಮಾತ್ರ ಕೊಟ್ಟೋರನ್ನ ಕೇಳದೆ ಮುಂದೆ ಹೋಗಬೇಡಿ.

ಈಗ ನಮ್ಮವರ ಸಮಜಾಯಿಷಿಗಳಿಗೆ ಬರ್ತೀನಿ. ಇವೆಲ್ಲ ನಾನೂ ಒಂದು ಕಾಲದಲ್ಲಿ ಹೇಳಿದವೇ.

"ನಂಬಿಕೆ ಇಲ್ವಾ?" ಇದು ಪ್ರಶ್ನೆ ಅಲ್ಲ, ಬಾಯಿ ಮುಚ್ಚಿಸೋ ಬೀಗ. ನಂಬಿಕೆ ಇದ್ದಿದ್ದಕ್ಕೇ ಅವನು ಐವತ್ತೊಂದು ಕೊಟ್ಟಿದ್ದು. ಅದನ್ನ ಉಳಿಸಿಕೊಳ್ಳೋದು ಇಸ್ಕೊಂಡೋನ ಕೆಲಸ. ಬ್ಯಾಂಕಲ್ಲಿ ದುಡ್ಡಿಟ್ಟು ಪಾಸ್‌ಬುಕ್ ಎಂಟ್ರಿ ಮಾಡಿಸಿದ್ರೆ ಮ್ಯಾನೇಜರು "ನನ್ನ ಮೇಲೆ ಅನುಮಾನಾನಾ?" ಅಂತ ಮುನಿಸ್ಕೊಳ್ತಾರಾ?

"ಕೆಲಸ ಮಾಡೋರು ಐದು ಜನ, ಕೇಳೋರು ನೂರು ಜನ." ಇದರಲ್ಲಿ ನಿಜ ಇದೆ, ಒಪ್ತೀನಿ. ಆಸ್ಪತ್ರೇಲಿ ರಾತ್ರಿ ಕಾದಿದ್ದು ಆ ಐದೇ ಜನ. ಬಸ್ಸಿನವನ ಹತ್ರ ಚೌಕಾಸಿ ಮಾಡಿದ್ದೂ ಅವರೇ. ಮನೇಲಿ ಬೈಸಿಕೊಂಡಿದ್ದೂ ಅವರೇ. ಆದ್ರೆ ದುಡಿದಿದ್ದಕ್ಕೆ ಸಿಗಬೇಕಾದ್ದು ಒಳ್ಳೇ ಮಾತು, ಬೇಕಾದ್ರೆ ಒಂದು ಶಾಲು. ದುಡ್ಡಿನ ಯಜಮಾನಿಕೆ ಅಲ್ಲ. ಮನೆ ಕಟ್ಟೋ ಮೇಸ್ತ್ರಿ ಬೆವರು ಸುರಿಸಿದ ಅಂತ ದೇವರ ಮನೆ ಬೇಡ, ಇಲ್ಲಿ ಜಿಮ್ ಕಟ್ತೀನಿ ಅಂದ್ರೆ ಬಿಡ್ತೀರಾ?

"ಅವನು ಕೊಟ್ಟಿದ್ದು ಐವತ್ತೊಂದೇ ತಾನೇ?" ಇದಕ್ಕೆ ನನಗೆ ನಿಜವಾಗ್ಲೂ ನಾಚಿಕೆ ಆಗುತ್ತೆ. ಹೋಟೆಲಲ್ಲಿ ಟೇಬಲ್ ಒರೆಸೋನಿಗೆ ಐವತ್ತೊಂದು ಅಂದ್ರೆ ಏನು ಅಂತ ಐದು ಸಾವಿರ ಕೊಟ್ಟ ವ್ಯಾಪಾರಿಗೆ ಗೊತ್ತಿಲ್ಲದೆ ಇರಬಹುದು, ನನಗೆ ಗೊತ್ತಿತ್ತು. ನಾನೂ ಒಂದು ಕಾಲದಲ್ಲಿ ಬೇಕರಿ ಕೌಂಟರಲ್ಲಿ ನಿಂತೋನು. ದುಡ್ಡಿನ ಲೆಕ್ಕದಲ್ಲಿ ವೋಟು ಹಂಚಿದ್ರೆ ಅದು ಅಭಿಮಾನಿ ಬಳಗ ಅಲ್ಲ, ಚೀಟಿ ವ್ಯವಹಾರ.

"ಬಹಿರಂಗ ಮಾಡಿದ್ರೆ ಬಳಗದ ಮರ್ಯಾದೆ ಹೋಗುತ್ತೆ." ಮರ್ಯಾದೆ ಹೋಗಿದ್ದು ಆ ಅಮ್ಮ "ಸಂಕೋಚ ಆತು" ಅಂದಾಗ. ಇನ್ನು ಹೋಗೋಕೆ ಉಳಿದಿರೋದೇನು?

ಬರೀ ಬೈಯೋದಾದ್ರೆ ಸುಲಭ, ಏನು ಮಾಡಬೇಕು ಅಂತಾನೂ ಹೇಳಬೇಕಲ್ಲ. ಗಣಪತಿ ಸಂಘ ಇರಲಿ, ಫುಟ್ಬಾಲ್ ಬಳಗ ಇರಲಿ, ಯಾರದ್ದೋ ಆಪರೇಷನ್‌ಗೆ ಎತ್ತೋ ಗುಂಪಿರಲಿ, ಇಷ್ಟನ್ನ ಮಾಡಬಹುದು. ಯಾವುದಕ್ಕೂ ಕಾಸು ಬೇಕಿಲ್ಲ.

1. ದುಡ್ಡು ಎತ್ತೋ ಮೆಸೇಜಲ್ಲೇ ಎರಡು ವಿಷಯ ಇರಲಿ: ಯಾವುದಕ್ಕೆ, ಮತ್ತೆ ಉಳಿದ್ರೆ ಏನು. ನಮ್ಮ ಮೆಸೇಜಲ್ಲಿ ಎರಡನೇದು ಇರಲಿಲ್ಲ. ಎಲ್ಲ ತಪ್ಪೂ ಆ ಒಂದು ಸಾಲಿನ ಜಾಗದಲ್ಲಿ ಹುಟ್ಟಿತು.

2. ಒಬ್ಬನ ಸ್ವಂತ ಖಾತೆಗೆ ಬೇಡ. ಇಬ್ಬರ ಸಹಿ ಬಿದ್ರೆ ಮಾತ್ರ ದುಡ್ಡು ಹೊರಗೆ ಬರೋ ಜಂಟಿ ಖಾತೆ ಮಾಡಿ. ಇಬ್ಬರೂ ಒಂದೇ ಊರಿನವರಾಗಬಾರದು. ಇದು ಆ ಖಾತೆಯವನ ತಲೆನೋವೂ ಕಮ್ಮಿ ಮಾಡುತ್ತೆ. ಸ್ವಂತ ಖಾತೆಗೆ ಯಾರ್ಯಾರೋ ದುಡ್ಡು ಹಾಕಿದ್ರೆ ನಾಳೆ ಬ್ಯಾಂಕಿನವರೋ ತೆರಿಗೆಯವರೋ ಕೇಳಿದಾಗ ಉತ್ತರ ಕೊಡಬೇಕಾದವನು ಅವನೊಬ್ಬನೇ.

3. ಲೆಕ್ಕ ಕೇಳೋ ಮೊದಲೇ ಹಾಕಿ. ತಿಂಗಳಿಗೊಮ್ಮೆ ಒಂದು ಹಾಳೆ, ಬಿಲ್ಲಿನ ಫೋಟೋ ಸಮೇತ. 'ಇತರೆ' ಅನ್ನೋ ಪದಕ್ಕೆ ನಿಷೇಧ. ನಮ್ಮ 6,800 ಇವತ್ತಿಗೂ 'ಇತರೆ'ಯಲ್ಲೇ ಮಲಗಿದೆ.

4. ಉದ್ದೇಶ ಬದಲಾಗಬೇಕಾದ್ರೆ ಕೊಟ್ಟೋರೆಲ್ಲರ ಒಪ್ಪಿಗೆ ಕೇಳಿ. ಒಬ್ಬರಿಗೆ ಒಂದು ವೋಟು. ಐವತ್ತೊಂದಕ್ಕೂ ಒಂದು, ಐದು ಸಾವಿರಕ್ಕೂ ಒಂದು. ಉತ್ತರ ಕೊಡೋಕೆ ಒಂದು ವಾರ ಟೈಮು. ಯಾರಿಗಾಗಿ ಎತ್ತಿದ್ವೋ ಅವರನ್ನ ಎಲ್ಲರಿಗಿಂತ ಮೊದಲು ಕೇಳಿ.

5. ಮೀಟಿಂಗು ಸರದಿ ಮೇಲೆ ನಾಲ್ಕೂ ಊರಲ್ಲಿ ಆಗಲಿ. ಭಾನುವಾರ ಮಧ್ಯಾಹ್ನ ಶುರುವಾಗಿ ಕೊನೇ ಬಸ್ಸಿಗೆ ಮುಂಚೆ ಮುಗೀಲಿ.

6. ಲೆಕ್ಕ ನೋಡೋರು ಬೇರೆ, ಖರ್ಚು ಮಾಡೋರು ಬೇರೆ. ವರ್ಷ ವರ್ಷ ಇಬ್ಬರನ್ನೂ ಬದಲಾಯಿಸಿ.

7. ಪ್ರಶ್ನೆ ಕೇಳಿದ್ದಕ್ಕೆ ಯಾರನ್ನೂ ಗುಂಪಿಂದ ತೆಗೆಯೋ ಹಾಗಿಲ್ಲ. ಇದೊಂದು ನಿಯಮ ಇದ್ದಿದ್ರೆ ಉಳಿದ ಆರೂ ತಾವಾಗೇ ಬರ್ತಿದ್ದವು.

ದುಡ್ಡು ಲಕ್ಷದ ಲೆಕ್ಕಕ್ಕೆ ಹೋಗೋದಾದ್ರೆ ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದ್ದು, ಏಳು ಜನ ಇದ್ರೆ ಸಾಕು. ಆಗ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೀಬೇಕು, ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಸೇರಿ ಅರ್ಜಿ ಕೊಟ್ರೆ ವಿಚಾರಣೆಗೂ ಅವಕಾಶ ಇದೆ. ನೋಂದಣಿ ಆದ ಕೂಡ್ಲೇ ಎಲ್ಲ ಸರಿ ಹೋಗುತ್ತೆ ಅಂತಲ್ಲ. ಬೋರ್ಡು ಹಾಕ್ಕೊಂಡು ಹತ್ತು ವರ್ಷದಿಂದ ಒಂದೂ ಸಭೆ ಕರೀದ ಸಂಘಗಳು ನಿಮ್ಮೂರಲ್ಲೂ ಇರಬಹುದು. ಆದ್ರೆ ಕೇಳೋನ ಕೈಗೆ ಒಂದು ಕೋಲು ಸಿಗುತ್ತೆ. ವಾಟ್ಸಾಪ್ ಗುಂಪಲ್ಲಿ ಕೋಲು ಇರೋದು ಅಡ್ಮಿನ್ ಕೈಲಿ ಮಾತ್ರ.

ಇಷ್ಟೆಲ್ಲ ಉಪದೇಶ ಮಾಡಿ ನೀನೇನು ಮಾಡಿದೆ ಅಂತ ಕೇಳ್ತೀರಿ. ಕೇಳಲೇಬೇಕು, ಮೇಲೆ ಬರೆದಿದ್ದೇ ಅದು. :-)

ಹೊಳಲ್ಕೆರೆಯಿಂದ ಬಂದ ಮೇಲೆ ಮೇಲಿನ ಲೆಕ್ಕವನ್ನ ಪೂರ್ತಿ ಗುಂಪಲ್ಲಿ ಹಾಕಿದೆ. ಆ ಐದು ಜನರಲ್ಲಿ ನಾನೂ ಒಬ್ಬ ಅಂತ ಬರೆದೆ. ತಲಾ 14,460 ರೂಪಾಯಿ ವಾಪಸ್ ಹಾಕೋಣ, ಹುಡುಗನ ಫಿಸಿಯೋಗೆ ಆಗಲಿ ಅಂದೆ. ಒಬ್ಬ ಆ ರಾತ್ರಿಯೇ ಹಾಕಿದ. ಇನ್ನು ಮೂವರು ಇವತ್ತಿನವರೆಗೂ ಹಾಕಿಲ್ಲ. ಅವರಲ್ಲಿ ಒಬ್ಬ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇಪ್ಪತ್ತು ವರ್ಷದ ಸ್ನೇಹ, ದಿನಾ ನೆನಪಾಗುತ್ತೆ. ಗುಂಪು ಎರಡಾಗಿದೆ. ಹಿರಿಯೂರಿನ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಇರ್ಲಿ ಬಿಡಣ್ಣ" ಅಂದ. ವಾಪಸ್ ಸೇರಿಸ್ಲಾ ಅಂದೆ. "ಬ್ಯಾಡಣ್ಣ" ಅಂದ.

ಇಬ್ಬರ ಪಾಲು ಸೇರಿ 28,920 ರೂಪಾಯಿ ತಗೊಂಡು ಹೊಳಲ್ಕೆರೆಗೆ ಹೋದೆ. ಅಮ್ಮ ದುಡ್ಡು ಕೈಗೆ ತಗೊಳ್ಳಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದ್ರು: "ಇದು ನಿಮ್ದಾ, ಎಲ್ಲರ್ದಾ? ಎಲ್ಲರಿಗೂ ಹೇಳಿ ತಂದಿದ್ದೀಯೇನಪ್ಪಾ?"

ಹೇಳಿ ತಂದಿದ್ದೀನಿ ಅಂದೆ. ಗುಂಪಲ್ಲಿ ಹಾಕಿದ್ದನ್ನ ಮೊಬೈಲಲ್ಲಿ ತೋರಿಸಿದೆ. ಹುಡುಗ ಓದಿ ಹೇಳಿದ. ಆಮೇಲೆ ತಗೊಂಡ್ರು. ಹುಡುಗ ಈಗ ವಾರಕ್ಕೆ ಎರಡು ಸಲ ದುರ್ಗಕ್ಕೆ ಬಂದು ಹೋಗ್ತಾನೆ. ತಡ ಆಗಿದೆ ಅಂತಾರೆ ಫಿಸಿಯೋ. ಮತ್ತೆ ಆಡ್ತಾನೋ ಇಲ್ವೋ ಅವರೂ ಹೇಳ್ತಿಲ್ಲ.

ಅಡಿಕೆ ಸುಲಿಯೋ ಆ ಹೆಂಗಸಿಗೆ ಅರ್ಥ ಆಗಿದ್ದು ಡಿಗ್ರಿ ಮಾಡಿದ ನಮ್ಮೈವರಿಗೆ ಆ ರಾತ್ರಿ ಯಾಕೆ ಹೊಳೀಲಿಲ್ಲ ಅಂತ ಇನ್ನೂ ಯೋಚನೆ ಮಾಡ್ತಿದ್ದೀನಿ.

ನಿಮ್ಮೂರಲ್ಲಿ ಹೆಂಗೆ? ನಿಮ್ಮ ಗಣಪತಿ ಸಂಘ, ರಾಜ್ಯೋತ್ಸವ ಸಮಿತಿ, ಕ್ರಿಕೆಟ್ ಟೂರ್ನಮೆಂಟು, ಯಾವುದಾದ್ರೂ ಸರಿ, ಖರ್ಚಿನ ಲೆಕ್ಕ ಎಲ್ಲರ ಮುಂದೆ ಓದೋ ಕಡೆ ಇದ್ರೆ ದಯವಿಟ್ಟು ಬರೀರಿ. ನೋಡಿ ಕಲಿಯೋಣ. ಇಲ್ಲದೆ ಇದ್ರೆ ಮುಂದಿನ ಸಲ ಚಂದಾ ಕೇಳೋಕೆ ಬಂದಾಗ ಕೊಡಿ, ಖಂಡಿತ ಕೊಡಿ. ಕೊಟ್ಟು "ಹೋದ ಸಲದ್ದು ಏನಾತಪ್ಪಾ?" ಅಂತ ಒಂದು ಮಾತು ಕೇಳಿ. ನಗೋರು ನಗಲಿ.

ನೀವೇನಂತೀರಿ?